ಬೂಷ್ಟು ಹಿಡಿದ ಹಿಂಡಿ, ಚಿರೋಟಿಯಂಥ ಜೇಡಿಮಣ್ಣು

ಅಕ್ಕ-ತಂಗಿಯರೇ, ಮಳೆಗಾಲದಲ್ಲಿ ಶೇಂಗಾ ಹಿಂಡಿಯ ಚೀಲ ಬಿಚ್ಚಿದಾಗ ಬೂಷ್ಟು ಕಂಡರೆ ಏನು ಮಾಡುತ್ತೀರಿ? "ಮೇಲಿನದನ್ನು ತೆಗೆದರಾಯಿತು, ಹಸು ಅರಗಿಸಿಕೊಳ್ಳುತ್ತೆ" ಎನ್ನುವವರಿದ್ದಾರೆ. ಆದರೆ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಕಣ್ಣಿಗೆ ಕಾಣದು. ಹಸು ತಿಂದ ವಿಷದ ಒಂದು ಪಾಲು ರೂಪ ಬದಲಿಸಿಕೊಂಡು ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗದು. ನಮ್ಮ ಮಕ್ಕಳು ಕುಡಿಯುವುದೂ ಅದೇ ಹಾಲು. ಹಾಗಾಗಿಯೇ ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ.

ಇದಕ್ಕಾಗಿ ಪಶು ಆಹಾರದಲ್ಲಿ ಬೆರೆಸುವ ಪುಡಿಗೆ ಟಾಕ್ಸಿನ್ ಬೈಂಡರ್ ಎನ್ನುತ್ತಾರೆ. ಹಲವು ಬೈಂಡರ್‌ಗಳಲ್ಲಿ ಇರುವುದು ಬೆಂಟೋನೈಟ್ ಎಂಬ ಜೇಡಿಮಣ್ಣು. ಗುಜರಾತಿನ ಕಛ್‌ನಲ್ಲಿ ಇದನ್ನು ಅಗೆದು ತೆಗೆಯುತ್ತಾರೆ. ಇದರ ಕಣ ಚಿರೋಟಿಯ ಹಾಗೆ ಪದರ ಪದರ. ಚಪ್ಪಟೆಯಾದ ಅಫ್ಲಾಟಾಕ್ಸಿನ್ ಹಸುವಿನ ಹೊಟ್ಟೆಯಲ್ಲಿ ಈ ಪದರಗಳ ನಡುವೆ ನುಸುಳಿ ಅಂಟಿಕೊಂಡು, ಸಗಣಿಯೊಂದಿಗೆ ಹೊರಬೀಳುತ್ತದೆ.

ಆದರೆ ಬೂಷ್ಟಿನ ವಿಷ ಒಂದೇ ಬಗೆಯಲ್ಲ. ಮೆಕ್ಕೆಜೋಳದ ಬೂಷ್ಟಿನಿಂದ ಬರುವ ಜಿಯರಲೆನೋನ್ ಹಸುವಿನ ಬೆದೆ, ಗಬ್ಬ ಎರಡನ್ನೂ ಕೆಡಿಸಬಲ್ಲದು. ಅದು ನೀರಿಗೆ ಒಗ್ಗದ ವಿಷ. ಬರೀ ಜೇಡಿಮಣ್ಣು ಅದನ್ನು ಸರಿಯಾಗಿ ಹಿಡಿಯದು. ಜಿಡ್ಡಿನ ಪಾತ್ರೆ ಬರೀ ನೀರಿಗೆ ಬಗ್ಗುತ್ತದೆಯೇ? ಸೋಪು ಬೇಕು. ವಿಜ್ಞಾನಿಗಳ ಉಪಾಯವೂ ಹಾಗೆಯೇ. ಮಣ್ಣಿನ ಪದರಗಳ ನಡುವಿರುವ ಸೋಡಿಯಂ, ಕ್ಯಾಲ್ಸಿಯಂ ತೆಗೆದು, ಕೊಬ್ಬಿನಂಥ ಬಾಲವಿರುವ ಸಾವಯವ ಅಣುಗಳನ್ನು ಕೂರಿಸುತ್ತಾರೆ. ಆಗ ಮಣ್ಣು ಜಿಡ್ಡಿಗೆ ಒಲಿಯುತ್ತದೆ. ಪ್ರಯೋಗಾಲಯದಲ್ಲಿ ಇಂಥ ಮಣ್ಣು ಜಿಯರಲೆನೋನನ್ನು ಚೆನ್ನಾಗಿ ಹಿಡಿದಿದೆ.

ಇಲ್ಲೇ ಎಚ್ಚರ ಬೇಕು. ಕೂರಿಸಿದ ಅಣುಗಳೇ ಕಳಚಿ ಬಂದರೆ ಅವುಗಳಲ್ಲಿ ಕೆಲವು ದೇಹಕ್ಕೆ ಹಾನಿ ಮಾಡುತ್ತವೆ. ಬಣ್ಣ, ಗ್ರೀಸ್ ತಯಾರಿಕೆಗೂ ಇಂಥದೇ ಮಣ್ಣು ಬಳಸುತ್ತಾರೆ, ಅದು ದನಕ್ಕಲ್ಲ. ಪಶು ಆಹಾರಕ್ಕೆಂದೇ ತಯಾರಾದ ಬೈಂಡರನ್ನು ಪಶುವೈದ್ಯರನ್ನು ಕೇಳಿ, ಅವರು ಹೇಳಿದಷ್ಟೇ ಹಾಕಿ.

ಯಾವ ಮಣ್ಣೂ ಕೆಟ್ಟ ಹಿಂಡಿಯನ್ನು ಒಳ್ಳೆಯದು ಮಾಡದು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಹಳೆಯ ಚೀಲ ಮೊದಲು ಮುಗಿಸಿ. ಬೂಷ್ಟು ಹಿಡಿದದ್ದನ್ನು ಕೋಳಿಗೂ ಹಾಕದೆ ಹೂತುಬಿಡಿ. ಕೆಟ್ಟ ಆಹಾರ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಅಫ್ಲಾಟಾಕ್ಸಿನ್‌ನಿಂದ ಮುಕ್ತವಾಗುತ್ತದೆ. ಒಂದು ಚೀಲ ಹಿಂಡಿ ಹೋದರೆ ಹೋಗಲಿ, ಕ್ಯಾನಿಗೆ ಸುರಿಯುವ ಹಾಲು ಶುದ್ಧವಾಗಿರಲಿ.