ಮನೆ ನೋಡುವ ಮುಂಚೆ ಬೀದಿ ನೋಡಿ

ಏಪ್ರಿಲ್, ಮೇ ಬಂತೆಂದರೆ ನಮ್ಮಲ್ಲಿ ಮನೆ ಹುಡುಕುವ ಗಡಿಬಿಡಿ. ಮಕ್ಕಳ ಶಾಲೆ, ಕಾಲೇಜಿಗೆಂದು ಬಂಟ್ವಾಳ, ಬೆಳ್ತಂಗಡಿ, ವಿಟ್ಲ, ಪುತ್ತೂರಿನಿಂದ ಮಂಗಳೂರಿಗೆ ಬರುವವರು ಒಂದು ಕಡೆ. ಗಲ್ಫ್‌ನಲ್ಲಿರುವ ಗಂಡ ಫೋನಿನಲ್ಲೇ ಬಾಡಿಗೆ, ಅಡ್ವಾನ್ಸ್ ಮಾತಾಡಿ ಮುಗಿಸಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಹೊಸ ಫ್ಲ್ಯಾಟಿಗೆ ಕಾಲಿಡುವ ಹೆಂಗಸರು ಇನ್ನೊಂದು ಕಡೆ. ಬ್ರೋಕರ್ ಹತ್ತಿರ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನೀರು ಹೇಗುಂಟು? ಬಸ್ ಉಂಟಾ? ಮಸೀದಿ, ಮದ್ರಸ ಎಷ್ಟು ದೂರ? ಹತ್ತಿರ ನಮ್ಮವರ ಮನೆ ಉಂಟಾ?

ಕೊನೆಯ ಪ್ರಶ್ನೆಗೆ "ಉಂಟು" ಎಂಬ ಉತ್ತರ ಸಿಕ್ಕಿದರೆ ಸುರಕ್ಷತೆಯ ವಿಷಯ ಅಲ್ಲಿಗೆ ಮುಗಿಯಿತು ಎಂದೇ ಹೆಚ್ಚಿನವರು ತಿಳಿದುಕೊಳ್ಳುತ್ತಾರೆ. ಇದಕ್ಕೆ ಕಾರಣ ಇಲ್ಲದೆ ಇಲ್ಲ. ಹೆಸರು ಕೇಳಿದ ಕೂಡಲೇ "ಮನೆ ಬೇರೆಯವರಿಗೆ ಹೇಳಿ ಆಯ್ತು" ಎನ್ನುವ ಮಾಲಕರನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಜಿಲ್ಲೆಯಲ್ಲಿ ಏನಾದರೂ ಗಲಾಟೆಯಾದರೆ ರಾತ್ರಿ ಬಾಗಿಲು ಬಡಿದು ಕರೆಯಲು ಪಕ್ಕದಲ್ಲಿ ನಮ್ಮವರು ಬೇಕು ಎಂದು ಅನಿಸುವುದೂ ಸಹಜ. ಆದರೆ ನಮ್ಮವರಿರುವ ಜಾಗ ಎನ್ನುವುದು ಸುರಕ್ಷತೆಯ ಒಂದು ಭಾಗ ಮಾತ್ರ. ಉಳಿದದ್ದನ್ನು ನಾವೇ ನೋಡಬೇಕು.

ಮೊದಲು ಗುಡ್ಡ, ಗೋಡೆ, ತೋಡು

2024ರ ಜೂನ್ 26ರ ಮುಂಜಾನೆ ಉಳ್ಳಾಲ ತಾಲೂಕಿನ ಕುತ್ತಾರು ಮದನಿ ನಗರದಲ್ಲಿ ಪಕ್ಕದ ಮನೆಯ ಆವರಣ ಗೋಡೆ ಕುಸಿದು ಬಿದ್ದು ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮಲಗಿದ್ದಲ್ಲೇ ತೀರಿಕೊಂಡರು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿ ಮತ್ತು ಇಬ್ಬರು ಪುಟ್ಟ ಮಕ್ಕಳು ಹೋದರು. ಅದೇ ದಿನ ದೇರಳಕಟ್ಟೆ ಸಮೀಪದ ಕಾನಕೆರೆಯಲ್ಲಿ ಒಬ್ಬಳು ಬಾಲಕಿ. ಈ ಮನೆಗಳಲ್ಲಿ ಮುಸ್ಲಿಮರದ್ದೂ ಇತ್ತು, ಹಿಂದೂಗಳದ್ದೂ ಇತ್ತು. ಕಳ್ಳರ ಭಯ, ಗಲಾಟೆಯ ಭಯದಿಂದ ನಾವು ಏರಿಯಾ ಹುಡುಕುತ್ತೇವೆ, ಮನೆಯ ಹಿಂಬದಿಯ ಗೋಡೆಯನ್ನು ಮಾತ್ರ ತಿರುಗಿ ನೋಡುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೆಸಿಬಿಯಲ್ಲಿ ಗುಡ್ಡವನ್ನು ನೆಟ್ಟಗೆ ಕೊರೆದು ಮನೆ ಕಟ್ಟುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಮೇಲೆ ಮುರಕಲ್ಲು ಗಟ್ಟಿಯಾಗಿ ಕಂಡರೂ ಕೆಳಗಿನ ಮೆದು ಮಣ್ಣು ನೀರು ಕುಡಿದರೆ ಜಾರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಮನೆ ನೋಡುವಾಗಲೇ ಮಳೆಗಾಲದ ಗುರುತುಗಳನ್ನು ಹುಡುಕಬೇಕು. ಹಿಂಬದಿಯ ಗುಡ್ಡ ನೆಟ್ಟಗೆ ಕೊರೆದದ್ದಾ, ಇಳಿಜಾರಾಗಿ ಬಿಟ್ಟದ್ದಾ? ತಡೆಗೋಡೆಯಲ್ಲಿ ನೀರು ಹೊರಬರಲು ತೂತುಗಳಿವೆಯಾ? ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದೆಯಾ, ಬಿರುಕು ಉಂಟಾ? ಮೇಲಿನ ಜಾಗದವರ ನೀರು ಯಾವ ಕಡೆ ಹರಿಯುತ್ತದೆ? ಮಲಗುವ ಕೋಣೆ ಗುಡ್ಡದ ಬದಿಗೆ ಇದ್ದರೆ ಎರಡು ಸಲ ಯೋಚಿಸಿ.

ತಗ್ಗಿನ ಜಾಗವಾದರೆ ಕಾಂಪೌಂಡ್ ಗೋಡೆಯ ಮೇಲೆ ಕಳೆದ ವರ್ಷದ ಕೆಸರಿನ ಗೆರೆ ಕಾಣುತ್ತದೆ. ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ಅಂಡರ್‌ಪಾಸ್ ಜೋರು ಮಳೆಗೆ ತುಂಬುವುದು ಎಲ್ಲರಿಗೂ ಗೊತ್ತು. ಅದರ ಒಳರಸ್ತೆಗಳ ಕಥೆ ಗೊತ್ತಿರುವುದು ಅಲ್ಲಿಯ ಹಳೆಯ ಬಾಡಿಗೆದಾರರಿಗೆ ಮಾತ್ರ. ಸೋಮೇಶ್ವರ, ಉಚ್ಚಿಲದ ಕಡಲ ಬದಿಯಾದರೆ ಕೊರೆತದ ಬಗ್ಗೆ ಪ್ರತ್ಯೇಕ ಕೇಳಲೇಬೇಕು.

ಎರಡು ಹೊತ್ತು ನಡೆದು ನೋಡಿ

ಬ್ರೋಕರ್ ಮನೆ ತೋರಿಸುವುದು ಹಗಲು ಹನ್ನೊಂದು ಗಂಟೆಗೆ, ಕಾರಿನಲ್ಲಿ. ನೀವು ಬದುಕುವುದು ಹಾಗಲ್ಲ. ಮಕ್ಕಳು ಮದ್ರಸಕ್ಕೆ ಹೊರಡುವ ಬೆಳಗಿನ ಹೊತ್ತಿಗೆ ಒಮ್ಮೆ, ರಾತ್ರಿ ಒಂಬತ್ತರ ನಂತರ ಒಮ್ಮೆ ಬಸ್ ಸ್ಟಾಪಿನಿಂದ ಮನೆಯವರೆಗೆ ನಡೆದು ನೋಡಿ. ಒಳಗೆ ಇರಬೇಕಾದವರು ಹೆಂಗಸರು, ಮಕ್ಕಳು ಎಂದಾದರೆ ಅವರನ್ನೇ ಕರೆದುಕೊಂಡು ಹೋಗಿ. ಗಂಡಸಿಗೆ "ಎಂತ ಹೆದರಿಕೆ ಇಲ್ಲ" ಅನಿಸಿದ ಓಣಿ ಹದಿನಾರರ ಹುಡುಗಿಗೆ ಹಾಗೆ ಅನಿಸಬೇಕೆಂದಿಲ್ಲ.

2013ರಲ್ಲಿ ನಮ್ಮ ದೇಶದಲ್ಲೇ ಆರಂಭವಾದ ಸೇಫ್ಟಿಪಿನ್ ಎಂಬ ಆ್ಯಪ್ ಒಂದು ಜಾಗದ ಸುರಕ್ಷತೆಯನ್ನು ಒಂಬತ್ತು ಅಂಶಗಳಲ್ಲಿ ಅಳೆಯುತ್ತದೆ. ಬೆಳಕು, ಸುತ್ತ ತೆರೆದ ನೋಟ, ಮನೆ ಅಂಗಡಿಗಳಿಂದ ಬೀದಿ ಕಾಣುವುದು, ಜನರ ಓಡಾಟ, ಹೆಂಗಸರ ಓಡಾಟ, ಕಾವಲು, ನಡೆಯುವ ದಾರಿ, ಬಸ್ ಸೌಕರ್ಯ, ಕೊನೆಗೆ ಅಲ್ಲಿ ನಿಂತವರಿಗೆ ಆಗುವ ಅನಿಸಿಕೆ. ಆ್ಯಪ್ ಇಲ್ಲದೆಯೂ ಈ ಪಟ್ಟಿ ಹಿಡಿದು ನಡೆಯಬಹುದು. ರಾತ್ರಿ ಹತ್ತರವರೆಗೆ ತೆರೆದಿರುವ ಒಂದು ಮೆಡಿಕಲ್, ಒಂದು ಗೂಡಂಗಡಿ, ಕಿಟಕಿ ರಸ್ತೆಗೆ ತೆರೆಯುವ ನಾಲ್ಕು ಮನೆ ಇದ್ದರೆ ಅದು ದೊಡ್ಡ ಧೈರ್ಯ. ಎರಡೂ ಬದಿಗೆ ಎತ್ತರದ ಕಾಂಪೌಂಡ್, ಮಧ್ಯೆ ಖಾಲಿ ಸೈಟ್, ಬೀದಿದೀಪ ಕೆಟ್ಟು ತಿಂಗಳಾಗಿದ್ದರೆ ಬಂಗಲೆಗಳ ಏರಿಯಾ ಆದರೂ ಕಷ್ಟವೇ.

ದಾರಿಯಲ್ಲಿ ಇನ್ನೂ ಕೆಲವು ನೋಡಬೇಕು. ಮುಚ್ಚಳ ಇಲ್ಲದ ಚರಂಡಿ, ಜೋತು ಬಿದ್ದ ವಿದ್ಯುತ್ ತಂತಿ, ಬೀದಿನಾಯಿಗಳ ಗುಂಪು. ಮಗು ಶಾಲೆಗೆ ಹೋಗಲು ಹೆದ್ದಾರಿ ದಾಟಬೇಕಾ? ನಂತೂರು, ಕೆಪಿಟಿ, ಕುಂಟಿಕಾನ, ತೊಕ್ಕೊಟ್ಟಿನಲ್ಲಿ ದೊಡ್ಡವರಿಗೇ ರಸ್ತೆ ದಾಟುವುದು ಸಾಹಸ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಶಾಲೆಯ ಬದಿಯಲ್ಲೇ ಮನೆ ಸಿಗುತ್ತದಾ ನೋಡುವುದು ಒಳ್ಳೆಯದು.

ಫ್ಲ್ಯಾಟ್ ಆದರೆ

ಗೇಟಿನಲ್ಲಿ ವಾಚ್‌ಮನ್ ಕುಳಿತಿದ್ದಾನೆ ಎಂದ ಕೂಡಲೇ ಸಮಾಧಾನ ಆಗಬೇಡಿ. ರಾತ್ರಿ ಪಾಳಿಗೆ ಯಾರು ಎಂದು ಕೇಳಿ. ಸಿಸಿಟಿವಿ ಇದ್ದರೆ ಅದು ರೆಕಾರ್ಡ್ ಆಗುತ್ತದಾ, ಎಷ್ಟು ದಿನದ್ದು ಉಳಿಯುತ್ತದೆ, ನೋಡಿಕೊಳ್ಳುವವರು ಯಾರು? ಮೆಟ್ಟಿಲಿನ ದಾರಿಯಲ್ಲಿ ಹಳೆಯ ಸೋಫಾ, ಸೈಕಲ್ ತುಂಬಿಸಿಟ್ಟಿದ್ದರೆ ಬೆಂಕಿ ಬಿದ್ದಾಗ ಇಳಿಯುವುದು ಎಲ್ಲಿಂದ? ಬೆಂಕಿ ನಂದಿಸುವ ಸಿಲಿಂಡರಿನ ಮೇಲೆ ಕೊನೆಯ ಸಲ ತುಂಬಿಸಿದ ದಿನಾಂಕ ಇರುತ್ತದೆ, ಓದಿ. ಕಟ್ಟಡಕ್ಕೆ ಪಾಲಿಕೆಯ ಪ್ರವೇಶ ಪತ್ರ ಸಿಕ್ಕಿದೆಯಾ ಎಂದು ಬಾಡಿಗೆದಾರರೂ ಕೇಳಬಹುದು. ಸಣ್ಣ ಮಕ್ಕಳಿದ್ದರೆ ಬಾಲ್ಕನಿಯ ಗ್ರಿಲ್ ಅಂತರ, ಮೇಲಿನ ಟೆರೇಸ್ ಬಾಗಿಲಿನ ಬೀಗ, ಮೀಟರ್ ಬೋರ್ಡಿನಲ್ಲಿ ಶಾಕ್ ತಡೆಯುವ ಇಎಲ್‌ಸಿಬಿ, ಇಷ್ಟನ್ನು ನೋಡಲು ಐದು ನಿಮಿಷ ಸಾಕು.

ಯಾರ ಮಾತು ನಂಬುವುದು?

ಮನೆ ಕೊಡುವವರು "ಇಲ್ಲಿ ಯಾವ ರಗಳೆ ಇಲ್ಲ" ಎನ್ನುತ್ತಾರೆ. ದೂರದ ನೆಂಟರು "ಆ ಏರಿಯಾನಾ? ಬೇಡ" ಎನ್ನುತ್ತಾರೆ. ವಾಟ್ಸಾಪ್‌ನಲ್ಲಿ ಹಳೆಯ ವಿಡಿಯೊ ಒಂದು ಹೊಸ ಹೆಸರಿನಲ್ಲಿ ಬರುತ್ತದೆ. ಈ ಮೂರರಿಂದಲೂ ನಿರ್ಧಾರ ಮಾಡಬಾರದು.

ಜಾಗ ಯಾವ ಪೊಲೀಸ್ ಠಾಣೆಗೆ ಸೇರುತ್ತದೆ ಎಂದು ಮೊದಲು ತಿಳಿಯಿರಿ. ಉಳ್ಳಾಲ, ಕೊಣಾಜೆಯಂಥ ಪಕ್ಕಪಕ್ಕದ ಠಾಣೆಗಳಿರುವಲ್ಲಿ ಊಹಿಸಬೇಡಿ, ಕೇಳಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಆದರೆ ಅದನ್ನು ಓದುವಾಗಲೂ ಎಚ್ಚರ ಬೇಕು. ಬಸ್ ನಿಲ್ದಾಣ, ಮಾರುಕಟ್ಟೆ ಇರುವ ಠಾಣೆಯಲ್ಲಿ ಪ್ರಕರಣ ಜಾಸ್ತಿ ಇದ್ದೇ ಇರುತ್ತದೆ. ಒಟ್ಟು ಲೆಕ್ಕಕ್ಕಿಂತ ನೀವು ಹೋಗುವ ರಸ್ತೆಯ ಹೆಸರು ಮತ್ತೆ ಮತ್ತೆ ಬರುತ್ತದಾ, ಮನೆ ಕಳವು ಹಗಲಿಗಾ ರಾತ್ರಿಗಾ ಎಂದು ನೋಡಿ. ಠಾಣೆಗೆ ಹೋಗಿ ಬೀಟ್ ಪೊಲೀಸರು ಯಾರು ಎಂದು ಕೇಳಲು ಹೆದರಬೇಕಾಗಿಲ್ಲ. ಅದು ದೂರು ಕೊಟ್ಟ ಹಾಗಲ್ಲ.

ಹೆಚ್ಚು ನಿಜ ಹೇಳುವವರು ಮಾತ್ರ ಬೀದಿಯಲ್ಲೇ ಇರುತ್ತಾರೆ. ರಿಕ್ಷಾ ಪಾರ್ಕಿನವರು, ಹಾಲು ಹಾಕುವವರು, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಮನೆಗೆಲಸಕ್ಕೆ ಬರುವ ಹೆಂಗಸರು. "ಸೇಫಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. "ರಾತ್ರಿ ಟ್ಯೂಷನ್ ಬಿಟ್ಟು ಬರುವ ಮಕ್ಕಳು ಯಾವ ದಾರಿಯಲ್ಲಿ ಬರುತ್ತಾರೆ?", "ಇದೇ ಮನೆಯಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು?", "ಗಾಂಜಾದವರ ಕಾಟ ಉಂಟಾ?" ಎಂದು ಕೇಳಿ ನೋಡಿ. ಮಸೀದಿಯ ಜಮಾಅತ್‌ನವರ ಜೊತೆ ಪಕ್ಕದ ಬೇರೆ ಸಮುದಾಯದ ಎರಡು ಮನೆಯವರನ್ನೂ ಮಾತಾಡಿಸಿ. ಅವರು ನಿಮ್ಮನ್ನು ಹೇಗೆ ಮಾತಾಡಿಸುತ್ತಾರೆ ಎನ್ನುವುದೂ ಒಂದು ಉತ್ತರವೇ. ನಮ್ಮ ಮನೆ ಒಂದೇ ಇರುವ ಬೀದಿಯಲ್ಲಿ ಅಜ್ಜ ಅಜ್ಜಿ ಕಾಲದಿಂದ ನೆಮ್ಮದಿಯಾಗಿರುವ ಬ್ಯಾರಿ ಕುಟುಂಬಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ. ಎದುರು ಮನೆಯ ಅಕ್ಕ ಮಗುವನ್ನು ಗುರುತು ಹಿಡಿಯುತ್ತಾಳೆ, ಬಾಗಿಲು ತೆರೆದಿದ್ದರೆ ಬಂದು ಕೇಳುತ್ತಾಳೆ ಎನ್ನುವುದು ಯಾವ ಕ್ಯಾಮೆರಾಕ್ಕೂ ಕಮ್ಮಿಯಲ್ಲ.

ಸಹಿ ಹಾಕುವ ಮುಂಚೆ, ಸಾಮಾನು ಇಳಿಸಿದ ಮೇಲೆ

ಸಾಮಾನ್ಯವಾಗಿ 11 ತಿಂಗಳಿಗೆ ಮಾಡುವ ಕರಾರಿನಲ್ಲಿ ತಡೆಗೋಡೆ, ಗ್ರಿಲ್, ವಯರಿಂಗ್ ದುರಸ್ತಿ ಮಾಲಕರದ್ದು ಎಂದು ಬರೆಸಿ. ಬಾಯಿಮಾತು ಮಳೆಗಾಲದಲ್ಲಿ ನೆನಪಿಗೆ ಬರುವುದಿಲ್ಲ. ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ "ಬಾಡಿಗೆ ಕರಾರಿಗೆ ಮಾತ್ರ" ಎಂದು ದಿನಾಂಕ ಸಹಿತ ಬರೆಯಿರಿ. ಬಂದ ದಿನವೇ ಬಾಗಿಲಿನ ಬೀಗ ಬದಲಿಸಿ, ಹಳೆಯ ಕೀ ಯಾರ ಹತ್ತಿರ ಉಂಟೋ ಗೊತ್ತಿರುವುದಿಲ್ಲ.

ತುರ್ತಿಗೆ 112, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಮೆಸ್ಕಾಂ 1912. ಇಷ್ಟನ್ನು ಫ್ರಿಜ್ಜಿನ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. 112ಕ್ಕೆ ಫೋನ್ ಮಾಡಿದಾಗ ಹೇಳಲು ಮನೆ ನಂಬರ್, ಅಡ್ಡರಸ್ತೆ, ಹತ್ತಿರದ ಗುರುತು ಮಕ್ಕಳಿಗೂ ಉಮ್ಮನಿಗೂ ಬಾಯಿಪಾಠ ಬರಬೇಕು. ಮದುವೆಗೋ ಹಬ್ಬಕ್ಕೋ ಬೀಗ ಹಾಕಿ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೂ ಬೀಟ್ ಪೊಲೀಸರಿಗೂ ತಿಳಿಸಿ. ಸ್ಟೇಟಸ್ ಹಾಕುವುದಾದರೆ ವಾಪಸ್ ಬಂದ ಮೇಲೆ ಹಾಕಿ. ಚಿನ್ನಕ್ಕೆ ಬ್ಯಾಂಕ್ ಲಾಕರ್ ಉಂಟು.

ಇಷ್ಟೆಲ್ಲ ನೋಡಿದರೂ ನೂರಕ್ಕೆ ನೂರು ಸರಿಯಿರುವ ಮನೆ ಸಿಗುವುದು ಕಷ್ಟ, ಅದರಲ್ಲೂ ನಮಗೆ ಆಯ್ಕೆ ಮೊದಲೇ ಕಮ್ಮಿ. ಬೀದಿದೀಪ ಕೆಟ್ಟದ್ದಾದರೆ ದೂರು ಕೊಟ್ಟು ಹಾಕಿಸಬಹುದು, ಬೀಗ, ಗ್ರಿಲ್ ಸರಿ ಮಾಡಿಸಬಹುದು, ನೆರೆಯವರ ಪರಿಚಯ ಮಾಡಿಕೊಳ್ಳಬಹುದು. ನೆಟ್ಟಗೆ ಕೊರೆದ ಗುಡ್ಡವನ್ನು, ಹೆದ್ದಾರಿಯನ್ನು, ತೋಡನ್ನು ಬಾಡಿಗೆದಾರ ಬದಲಿಸಲು ಆಗುವುದಿಲ್ಲ. ಅಂಥ ಮನೆ ಎಷ್ಟು ಕಡಿಮೆ ಬಾಡಿಗೆಗೆ ಸಿಕ್ಕಿದರೂ, ಮಸೀದಿ ಎಷ್ಟು ಹತ್ತಿರ ಇದ್ದರೂ ಬಿಟ್ಟುಬಿಡಿ. ಇನ್ನೊಂದು ವಾರ ಹುಡುಕಿದರೆ ನಷ್ಟವೇನಿಲ್ಲ.