ನಲವತ್ತೆಂಟು ಕುಣಿಕೆಗಳ ಕಾಲುಚೀಲ

ಮಾರ್ಗಶಿರ ಕಾಲಿಟ್ಟಿತೆಂದರೆ ಚಿಲಮತ್ತೂರಿನ ಬಯಲಿನಲ್ಲಿ ಬೆಳಗಿನ ಗಾಳಿ ಮೊನಚಾಗುತ್ತದೆ. ಶಾಲೆಗೆ ಹೊರಟ ಮಕ್ಕಳು ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ನಡೆಯುತ್ತಾರೆ. ಅವರ ಕಾಲಲ್ಲಿ ಅಂಗಡಿಯಿಂದ ತಂದ ನೈಲಾನ್ ಕಾಲುಚೀಲ. ಅವರು ಬಿಟ್ಟು ಬಂದ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕರಿಕಂಬಳಿಯೊಂದು ಮಡಿಸಿಟ್ಟಲ್ಲಿಯೇ ಉಳಿದಿರುವುದೂ ಉಂಟು. ಉಣ್ಣೆಯನ್ನು ಚೆನ್ನಾಗಿ ಬಲ್ಲ ಸೀಮೆಯಲ್ಲಿಯೇ ಮಕ್ಕಳು ಉಣ್ಣೆಯನ್ನು ಮುಟ್ಟದೆ ಬೆಳೆಯುತ್ತಿದ್ದಾರೆ. ಒಂದು ಜೊತೆ ಕಾಲುಚೀಲವನ್ನು ಮನೆಯಲ್ಲಿಯೇ ಹೆಣೆಯುವ ಮಾತನ್ನು ಇಲ್ಲಿ ಎತ್ತಿಕೊಂಡಿರುವುದು ಈ ಕಾರಣಕ್ಕೆ.

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳ ಸುತ್ತಲಿನದು ಕುರಿಗಾರರ ನಾಡು. ಇಲ್ಲಿಯ ಅನೇಕ ಕುರುಬ ಮನೆತನಗಳಲ್ಲಿ ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ತೆಲುಗು. ಕುರುಬರಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಪಂಗಡಗಳಿವೆ. ಮದುವೆಯಲ್ಲಿ ಕಟ್ಟುವ ಕಂಕಣದ ದಾರದಿಂದ ಬಂದ ಹೆಸರುಗಳಿವು. ದಖ್ಖನಿ ಕುರಿಯ ತುಪ್ಪಟವನ್ನು ಕತ್ತರಿಸಿ, ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುತ್ತಿದ್ದರು. ಮಂದೆಯ ಹಿಂದೆ ನಡೆಯುವ ಗಂಡಸರ ಕೈಯಲ್ಲಿ ಕದಿರು ತಿರುಗುತ್ತಿತ್ತು. ನೂಲಿಗೆ ಹುಣಸೆಬೀಜದ ಸರಿ ಸವರಿ, ಒಣಗಿಸಿ, ಮಗ್ಗಕ್ಕೆ ಏರಿಸಿದರೆ ಕಂಬಳಿ ಹುಟ್ಟುತ್ತಿತ್ತು. ಹಗಲಿಗೆ ಕೊಪ್ಪೆ, ಇರುಳಿಗೆ ಹಾಸಿಗೆ, ಮಳೆಗೆ ಕೊಡೆ ಎಲ್ಲವೂ ಅದೊಂದೇ.

ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಕ್ಕೆ ಲಾಳಿ ಎಳೆದೊಯ್ಯುವ ನೂಲು ಹೊಕ್ಕು. ಒಂದು ಸಂಗತಿ ಬದುಕಿನಲ್ಲಿ ಬೆರೆತುಹೋಗಿದೆ ಎನ್ನಲು ನಾವು ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಈ ಪದದ ಅರ್ಥವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಹಾಸನ್ನಾಗಲಿ ಹೊಕ್ಕನ್ನಾಗಲಿ ಕಣ್ಣಿನಿಂದ ಕಂಡವರು ಅವರಲ್ಲಿ ಎಷ್ಟು ಮಂದಿ?

ಮಗ್ಗ ಮೌನವಾದುದಕ್ಕೆ ಕಾರಣಗಳು ಗುಟ್ಟಾಗಿಲ್ಲ. ಮಾಂಸಕ್ಕೆ ಬೆಲೆ ಬಂದಿತು. ಮೈತುಂಬ ಉಣ್ಣೆ ಬೆಳೆಯುವ ದಖ್ಖನಿ ಕುರಿಯ ಜಾಗಕ್ಕೆ, ಉಣ್ಣೆಯಿಲ್ಲದೆ ಬರಿಯ ಕೂದಲುಳ್ಳ ನೆಲ್ಲೂರು ತಳಿಯೂ ಅದರ ಬೆರಕೆಯೂ ಬಂದವು. ಗಿರಣಿಯ ಅಗ್ಗದ ಹೊದಿಕೆಗಳು ಸಂತೆಯನ್ನು ತುಂಬಿದವು. ಕೊಳ್ಳುವವರಿಲ್ಲದ ಕಡೆ ಕತ್ತರಿಸಿದ ಉಣ್ಣೆಯನ್ನು ಹೊಲದಂಚಿನಲ್ಲಿ ಬಿಸಾಡುವುದೂ ಉಂಟು. ಕಂಬಳಿಯ ಮಗ್ಗವನ್ನು ಪ್ರತಿ ಮನೆಗೆ ಮರಳಿ ತರುವುದು ನಮ್ಮ ಕೈಯಲ್ಲಿಲ್ಲ. ಹೆಣಿಗೆಗಾದರೋ ಐದು ಕಡ್ಡಿ, ಒಂದು ಉಂಡೆ ದಾರ, ಒಂದು ಜಗಲಿ ಸಾಕು.

ನೇಯ್ಗೆಗೆ ಎರಡು ನೂಲು ಬೇಕು. ಹೆಣಿಗೆ ಒಂದೇ ದಾರದ ಕೆಲಸ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತ ಹೋಗುವುದರಿಂದ ಬಟ್ಟೆ ಹಿಗ್ಗಿ ಕುಗ್ಗುತ್ತದೆ, ಪಾದಕ್ಕೆ ಒಪ್ಪುತ್ತದೆ. ಈಜಿಪ್ಟಿನಲ್ಲಿ ದೊರೆತ, ಸುಮಾರು 1600 ವರ್ಷ ಹಳೆಯ ಕೆಂಪು ಉಣ್ಣೆಯ ಕಾಲುಚೀಲಗಳು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಚಪ್ಪಲಿಯೊಡನೆ ತೊಡಲೆಂದು ಅವುಗಳಲ್ಲಿ ಹೆಬ್ಬೆರಳಿಗೆ ಬೇರೆ ಗೂಡು ಇದೆ. ಅವು ಒಂದೇ ಸೂಜಿಯ ಕೆಲಸ. ಕಡ್ಡಿಗಳ ಹೆಣಿಗೆ ಆಮೇಲಿನದು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ರೂಪಿಸಿದನು. ಯಂತ್ರ ಬಂದು ನಾಲ್ಕು ಶತಮಾನ ಕಳೆದರೂ ಕೈಹೆಣಿಗೆ ನಿಂತಿಲ್ಲ.

ಮೊದಲು ದಾರದ ವಿಚಾರ. ನಮ್ಮ ದಖ್ಖನಿ ಉಣ್ಣೆ ಒರಟು. ಮೆರಿನೊ ಕುರಿಯ ಎಳೆಯ ದಪ್ಪ ಸುಮಾರು 20 ಮೈಕ್ರಾನ್. ದಖ್ಖನಿಯದು ಅದರ ಎರಡು ಪಟ್ಟಿಗೂ ಹೆಚ್ಚು. ಅದು ಕಂಬಳಿಗೆ ತಕ್ಕುದು, ಮಗುವಿನ ಬರಿಗಾಲಿಗೆ ಚುಚ್ಚೀತು. ಆದ್ದರಿಂದ ಕಾಲುಚೀಲಕ್ಕೆ ಮೃದುವಾದ ಉಣ್ಣೆಯನ್ನೇ ಕೊಳ್ಳಬೇಕು. ಅಂಗಡಿಯಲ್ಲಿ ‘ಉಲನ್’ ಎಂದು ಮಾರುವ ದಾರವೆಲ್ಲ ಉಣ್ಣೆಯಲ್ಲ, ಹೆಚ್ಚಿನದು ಅಕ್ರಿಲಿಕ್. ಹಿರಿಯರ ಸಮ್ಮುಖದಲ್ಲಿ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿದರೆ ನಿಜ ತಿಳಿಯುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿ ಬಿಡುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಚಳಿಯಲ್ಲಿ ಪಾದ ಬೆಚ್ಚಗಿರಲು ಇದೂ ಒಂದು ಕಾರಣ.

ಇನ್ನು ಕೆಲಸ. ಹತ್ತು ವರ್ಷದ ಆಸುಪಾಸಿನ ಮಗುವಿಗೆ, 3 ಮಿಲಿಮೀಟರಿನ ಕಡ್ಡಿಗಳಲ್ಲಿ 48 ಕುಣಿಕೆಗಳನ್ನು ಏರಿಸಬೇಕು. ನಾಲ್ಕು ಕಡ್ಡಿಗಳಿಗೆ 12ರಂತೆ ಹಂಚಿ, ಐದನೆಯ ಕಡ್ಡಿಯಿಂದ ಸುತ್ತ ಹೆಣೆಯುತ್ತ ಹೋಗಬೇಕು. ಮನೆಗಳಲ್ಲಿ ಸೀದಾ, ಉಲ್ಟಾ ಎಂದು ಕರೆಯುವ ಎರಡು ಬಗೆಯ ಕುಣಿಕೆಗಳು ತಿಳಿದಿದ್ದರೆ ಸಾಕು. ಬಾಯಿಯ ಪಟ್ಟಿಗೆ ಎರಡು ಸೀದಾ, ಎರಡು ಉಲ್ಟಾ. ಹೀಗೆ ಸುಮಾರು 15 ಸುತ್ತು.

ಪಟ್ಟಿಯ ಕೆಳಗೆ ಉಬ್ಬುತಗ್ಗಿನ ನಕ್ಷೆ. ಎರಡು ಸುತ್ತು ‘ಎರಡು ಸೀದಾ, ಎರಡು ಉಲ್ಟಾ’. ಮುಂದಿನ ಎರಡು ಸುತ್ತು ‘ಎರಡು ಉಲ್ಟಾ, ಎರಡು ಸೀದಾ’. ಇದನ್ನೇ ಮರುಕಳಿಸಿದರೆ ಸಣ್ಣ ಚೌಕಗಳು ಎದ್ದು ನಿಲ್ಲುತ್ತವೆ. ಬಣ್ಣ ಒಂದೇ, ಚಿತ್ರ ಬರೆಯುವುದು ನೆರಳು. ಇದು ನಮಗೆ ಹೊಸದಲ್ಲ. ಚಿಲಮತ್ತೂರಿನಿಂದ ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿ ಲೇಪಾಕ್ಷಿಯಿದೆ. ಹದಿನಾರನೆಯ ಶತಮಾನದ ಆ ಗುಡಿಯ ಲತಾಮಂಟಪದ ಕಂಬಗಳಲ್ಲಿ ಶಿಲ್ಪಿಗಳು ಬಣ್ಣವಿಲ್ಲದೆ, ಕಲ್ಲಿನ ಉಬ್ಬುತಗ್ಗುಗಳಿಂದಲೇ ಬಳ್ಳಿ ಹೂಗಳನ್ನು ಅರಳಿಸಿದ್ದಾರೆ. ಸೀರೆಯ ಅಂಚು ಸೆರಗುಗಳಿಗೆ ಇಂದಿಗೂ ಅಲ್ಲಿಂದ ನಕ್ಷೆಗಳನ್ನು ಎತ್ತಿಕೊಳ್ಳುತ್ತಾರೆ. ಮಕ್ಕಳು ಅಲ್ಲಿಗೆ ಹೋದಾಗ ಚೌಕದ ಹಾಳೆಯೊಂದನ್ನು ಒಯ್ದು, ಸರಳವಾದ ಒಂದು ನಕ್ಷೆಯನ್ನು ಚೌಕಗಳಲ್ಲಿ ತುಂಬಿಕೊಂಡು ಬರಲಿ. ತುಂಬಿದ ಚೌಕ ಉಲ್ಟಾ, ಖಾಲಿ ಚೌಕ ಸೀದಾ. ಆದರೆ ನಕ್ಷೆಯ ಅಗಲ 48ನ್ನು ಶೇಷವಿಲ್ಲದೆ ಭಾಗಿಸುವಂತಿರಬೇಕು. 4, 6, 8 ಆದೀತು. 5 ಆದರೆ ಮೂರು ಕುಣಿಕೆ ಉಳಿದು ಸುತ್ತು ಕೂಡುವುದಿಲ್ಲ. ಅಪವರ್ತನಗಳನ್ನು ಇದಕ್ಕಿಂತ ಚೆನ್ನಾಗಿ ಯಾವ ಕಪ್ಪುಹಲಗೆ ಕಲಿಸೀತು?

ಹೊಸಬರು ಕೈಬಿಡುವುದು ಹಿಮ್ಮಡಿಯಲ್ಲಿ. ಅಲ್ಲಿ 24 ಕುಣಿಕೆಗಳನ್ನು ಸುಮ್ಮನೆ ನಿಲ್ಲಿಸಿ, ಉಳಿದ 24ರ ಮೇಲೆ ಹಿಂದಕ್ಕೂ ಮುಂದಕ್ಕೂ 24 ಸಾಲು ಹೆಣೆಯಬೇಕು. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಬೇಕು. ಆಮೇಲೆ 14 ಹೆಣೆದು, ಎರಡನ್ನು ಒಂದಾಗಿಸಿ, ಇನ್ನೊಂದನ್ನು ಹೆಣೆದು, ಸಾಲು ಮುಗಿಯುವ ಮೊದಲೇ ಹಿಂತಿರುಗಬೇಕು. ಮರಳುವಾಗ ಒಂದನ್ನು ದಾಟಿಸಿ, 5 ಉಲ್ಟಾ ಹೆಣೆದು, ಎರಡನ್ನು ಒಂದಾಗಿಸಿ, ಇನ್ನೊಂದನ್ನು ಹೆಣೆದು ಮತ್ತೆ ತಿರುಗಬೇಕು. ತಿರುಗಿದಲ್ಲಿ ಸಣ್ಣ ಸಂದು ಕಾಣುತ್ತದೆ. ಮುಂದಿನ ಸಾಲುಗಳಲ್ಲಿ ಆ ಸಂದಿನ ಆಚೀಚಿನ ಎರಡು ಕುಣಿಕೆಗಳನ್ನು ಒಂದಾಗಿಸುತ್ತ ಸಾಗಿದರೆ, ಚಪ್ಪಟೆ ಪಟ್ಟಿ ಕಣ್ಣೆದುರಿನಲ್ಲಿಯೇ ಬಟ್ಟಲಾಗಿ ಬಾಗುತ್ತದೆ. ಕೊನೆಗೆ ಉಳಿಯುವುದು 14.

ಪಟ್ಟಿಯ ಎರಡು ಅಂಚುಗಳಿಂದ 12ರಂತೆ ಹೊಸ ಕುಣಿಕೆ ಎತ್ತಿ, ನಿಲ್ಲಿಸಿದ್ದ 24ನ್ನು ಸೇರಿಸಿದರೆ ಒಟ್ಟು 62. ಸುತ್ತು ಬಿಟ್ಟು ಸುತ್ತಿಗೆ, ಪ್ರತಿ ಬದಿಯಲ್ಲಿ ಒಂದರಂತೆ ಎರಡು ಇಳಿಸಿದರೆ ಏಳನೆಯ ಇಳಿಕೆಗೆ ಮತ್ತೆ 48. ಕಿರುಬೆರಳಿನ ಬುಡದವರೆಗೆ ಹೆಣೆದು, ಅನಂತರ ಸುತ್ತು ಬಿಟ್ಟು ಸುತ್ತಿಗೆ ನಾಲ್ಕರಂತೆ ಇಳಿಸಿ, 16 ಉಳಿದಾಗ ಅವುಗಳೊಳಗೆ ದಾರ ಪೋಣಿಸಿ ಎಳೆದು ಕಟ್ಟಿದರೆ ಒಂದು ಕಾಲುಚೀಲ ಮುಗಿಯಿತು.

ಈ ಲೆಕ್ಕವನ್ನೆಲ್ಲ ಮಗು ಯಾವ ಭಾಷೆಯಲ್ಲಿ ಎಣಿಸುತ್ತದೆ ಎಂಬುದು ಮುಖ್ಯ. ಗಡಿನಾಡಿನ ನಮ್ಮ ಮಕ್ಕಳಿಗೆ ಕನ್ನಡ ಎಷ್ಟೋ ವೇಳೆ ಪುಸ್ತಕದೊಳಗಿನ ಭಾಷೆ. ತರಗತಿಯ ಗಂಟೆ ಬಾರಿಸಿದೊಡನೆ ಅದು ಚೀಲ ಸೇರುತ್ತದೆ. ಅದನ್ನು ಚೀಲದಿಂದ ಹೊರತೆಗೆಯಲು ಕೈಗೊಂದು ಕೆಲಸ ಬೇಕು. ‘ಕುಣಿಕೆ ಜಾರಿತು’, ‘ಎಳೆ ಸಡಿಲವಾಯಿತು’, ‘ಲಡಿಯನ್ನು ಉಂಡೆ ಸುತ್ತು’ ಎಂಬ ಮಾತುಗಳನ್ನು ಯಾರೂ ಉರು ಹೊಡೆಸಬೇಕಾಗಿಲ್ಲ. ಕೆಲಸದ ನಡುವೆ ಅವು ತಾವಾಗಿಯೇ ಬಾಯಿಗೆ ಬರುತ್ತವೆ. ಪಕ್ಕದಲ್ಲಿ ಕುಳಿತ ಅಜ್ಜಿ, ತಾನು ಹಿಂಜಿದ ತುಪ್ಪಟವನ್ನೂ ತಿರುಗಿಸಿದ ರಾಟೆಯನ್ನೂ ನೆನೆದು ಮಾತು ತೆಗೆದರೆ, ಯಾವ ನಿಘಂಟೂ ಕೊಡಲಾರದ ಪಾಠ ಆ ಜಗಲಿಯಲ್ಲಿ ದೊರೆಯುತ್ತದೆ.

ಮೊದಲ ಕಾಲುಚೀಲದಲ್ಲಿ ತಪ್ಪುಗಳಿರುತ್ತವೆ. ಬಿಚ್ಚಿದರೆ ದಾರ ಹಾಳಾಗುವುದಿಲ್ಲ, ಮತ್ತೆ ಹೆಣೆಯಬಹುದು. ಒಂದನ್ನು ಮುಗಿಸಿ, ದಣಿದು, ಕಡ್ಡಿಗಳನ್ನು ಎತ್ತಿಡುವವರು ಬಹಳ ಮಂದಿ. ಆದರೆ ಪಾದಗಳು ಎರಡು. ಎರಡನೆಯದಕ್ಕೆ ಕುಣಿಕೆ ಏರಿಸುವಾಗ ಮಗು ಅಜ್ಜಿಯ ಕಡೆಗೆ ನೋಡದೆ, ತಾನೇ ಗಟ್ಟಿಯಾಗಿ ಕನ್ನಡದಲ್ಲಿ ನಲವತ್ತೆಂಟರವರೆಗೆ ಎಣಿಸಲಿ.