ಹೊಲದಲ್ಲಿ ಮನೆ: ಯಾವ ಕೆಲಸಕ್ಕೆ ಯಾರನ್ನು ಹಿಡಿಯಬೇಕು?

'ಹೊಲ ನಂದು, ದುಡ್ಡು ನಂದು, ಮನೆ ಕಟ್ಟೋಕೆ ಇನ್ಯಾರ ಅಪ್ಪಣೆ ಬೇಕು?' ಹೀಗೆ ಕೇಳುವವರು ನಮ್ಮ ಚಿತ್ರದುರ್ಗದ ಕಡೆ ಈಗಲೂ ಇದ್ದಾರೆ. ಅಪ್ಪಣೆ ಬೇಕು. ಇಲ್ಲದೆ ಕಟ್ಟಿದರೆ ಗೋಡೆಯೇನೂ ಬೀಳುವುದಿಲ್ಲ. ಬ್ಯಾಂಕಿಗೆ ಸಾಲ ಕೇಳಲು ಹೋದಾಗ, ಮಕ್ಕಳು ಪಾಲಾಗುವಾಗ, ಕಷ್ಟಕ್ಕೆ ಮಾರಲು ಹೊರಟಾಗ ಆ ಮನೆಗೆ ಕಾಗದವೇ ಇಲ್ಲವೆಂದು ಗೊತ್ತಾಗುತ್ತದೆ.

ಇನ್ನು ಕೆಲವರು ಅಪ್ಪಣೆ ಬೇಕೆಂದು ತಿಳಿದವರು. ತಾಲೂಕು ಕಚೇರಿ ಎದುರಿನ ಏಜೆಂಟನಿಗೆ ಕಾಗದದ ಕಟ್ಟು ಕೊಟ್ಟು ಊರಿಗೆ ಬಂದುಬಿಡುತ್ತಾರೆ. ತಿಳಿದವರ ನೆರವು ಬೇಕೇ ಬೇಕು, ಅದಕ್ಕೆ ದುಡ್ಡು ಕೊಡುವುದೂ ತಪ್ಪಲ್ಲ. ಆದರೆ ಬಡಗಿ ಕೆಲಸಕ್ಕೆ ಕಮ್ಮಾರನನ್ನು ಕರೆಯುತ್ತೇವೆಯೇ? ನಾನು ಓದಿದ್ದು ಏಳನೇ ಕ್ಲಾಸು. ನಮ್ಮ ಮನೆಯವರ ಕೆಲಸಕ್ಕೆ ಓಡಾಡಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗ ಎಂಥದ್ದು?

ಯಾರನ್ನೂ ಹುಡುಕುವ ಮುಂಚೆ ಇದನ್ನು ನೋಡಿ. ಜಾಗ ಮೂರು ತರ.

ಒಂದು, ಗ್ರಾಮಠಾಣಾ ಒಳಗಿನ ಜಾಗ. ಇದು ಊರಿನ ವಾಸದ ನೆಲ. ಇಲ್ಲಿ ಭೂ ಪರಿವರ್ತನೆ ಬೇಡ. ಪಂಚಾಯಿತಿ ಖಾತೆ ಮತ್ತು ಮನೆ ಕಟ್ಟುವ ಪರವಾನಗಿ ಸಾಕು.

ಎರಡು, ಸ್ವಂತ ಹೊಲದಲ್ಲಿ ತೋಟದ ಮನೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮು ರೈತನಿಗೆ ಈ ಅವಕಾಶ ಕೊಟ್ಟಿದೆ. ರೈತ ತಾನೇ ವಾಸಕ್ಕೆ, ಸಲಕರಣೆ ಇಡಲು, ದನ ಕಟ್ಟಲು ಕಟ್ಟಿಕೊಳ್ಳಬಹುದು. ಅದು ಹಿಡುವಳಿಯ ನೂರಕ್ಕೆ ಹತ್ತು ಪಾಲು ಮೀರಬಾರದು, ಮೇಲೆ ನಿಯಮದ ಗರಿಷ್ಠ ಮಿತಿಯೂ ಉಂಟು. ಎರಡೂವರೆ ಎಕರೆ ಎಂದರೆ 100 ಗುಂಟೆ, ಅದರಲ್ಲಿ 10 ಗುಂಟೆ ಎಂದು ಲೆಕ್ಕ ಹಾಕಿಕೊಳ್ಳಿ. ವ್ಯಾಪಾರಕ್ಕೆಂದು ಬಾಡಿಗೆಗೆ ಕೊಡುವಂತಿಲ್ಲ. ಇದಕ್ಕೂ ಪಂಚಾಯಿತಿಯಲ್ಲಿ ವಿಚಾರಿಸಿಯೇ ಪಾಯ ತೋಡಿ.

ಮೂರು, ಹೊಲವನ್ನು ಸೈಟು ಮಾಡುವುದು, ಅಂಗಡಿ ಮಳಿಗೆ ಕಟ್ಟುವುದು. ಇದಕ್ಕೆ ಸಾಮಾನ್ಯವಾಗಿ ಭೂ ಪರಿವರ್ತನೆ ಬೇಕಾಗುತ್ತದೆ. ಹಳಬರು ಅನ್ಯಕ್ರಾಂತ ಅಂತಾರೆ, ಈಗಿನವರು ಕನ್ವರ್ಷನ್ ಅಂತಾರೆ.

ಕನ್ವರ್ಷನ್ ಆದೇಶ ಬಂದರೆ ಎಲ್ಲ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಅದು ನೆಲದ ಉಪಯೋಗ ಬದಲಾಯಿಸುವ ಅನುಮತಿ ಮಾತ್ರ. ವಸತಿಗೆ ಎಂದು ಆದೇಶವಾದರೆ ಅಲ್ಲಿ ಗೋದಾಮು ಕಟ್ಟುವಂತಿಲ್ಲ. ಆಮೇಲೆ ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದ ಸೈಟಿನ ನಕ್ಷೆಗೆ ಅನುಮೋದನೆ, ಆಮೇಲೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11, ಕೊನೆಗೆ ಕಟ್ಟಡದ ಪರವಾನಗಿ. ಈ ಮೆಟ್ಟಿಲು ಒಂದನ್ನು ಬಿಟ್ಟು ಒಂದು ಹತ್ತಲು ಆಗುವುದಿಲ್ಲ.

ಯಾರಿಂದ ಯಾವ ಕೆಲಸ?

ವಕೀಲರು: ನೆಲ ನಿಮ್ಮದು ಹೌದೋ ಅಲ್ಲವೋ ಹೇಳುವವರು. ಪಹಣಿ, ಮ್ಯುಟೇಶನ್, ಋಣಭಾರ ಪತ್ರ (ಇಸಿ), ಹಳೆಯ ಕ್ರಯಪತ್ರ ಇಷ್ಟನ್ನೂ ತೋರಿಸಿ. ದರಖಾಸ್ತಿನ ಭೂಮಿಯಾಗಿದ್ದರೆ ಮಂಜೂರಾತಿಯ ಷರತ್ತು ಓದಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಕೊಳ್ಳುವುದಾದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಕ್ರಯ ನಿಲ್ಲುವುದಿಲ್ಲ.

ಪರವಾನಗಿ ಭೂಮಾಪಕರು: ಸರ್ವೆ ನಂಬರಿನ ಒಂದು ಭಾಗ ಮಾತ್ರ ನಿಮ್ಮ ಕೆಲಸಕ್ಕೆ ಬೇಕಿದ್ದರೆ 11ಇ ನಕ್ಷೆ ಬೇಕು. ಅರ್ಜಿ ಹಾಕಿದ ಮೇಲೆ ಅಳತೆಗೆ ಬರುತ್ತಾರೆ. ಆ ದಿನ ನೀವು ಹೊಲದಲ್ಲಿರಿ, ಬದುವಿನ ಅಕ್ಕಪಕ್ಕದವರನ್ನೂ ಕರೆಯಿರಿ. ಕಲ್ಲು ಎಲ್ಲಿದೆ, ದಾರಿ ಎಲ್ಲಿದೆ ಎಂದು ಎಲ್ಲರ ಮುಂದೆ ಆಗಿಬಿಟ್ಟರೆ ಮುಂದೆ ಜಗಳವಿಲ್ಲ.

ಎಂಜಿನಿಯರ್: ಮನೆಯ ನಕ್ಷೆ, ಖರ್ಚಿನ ಅಂದಾಜು ಇವರ ಕೆಲಸ. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿದವರಾದರೆ 1972ರ ಕಾಯ್ದೆಯಂತೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ನಂಬರು ಕೇಳಲು ಸಂಕೋಚ ಬೇಡ.

ಪತ್ರ ಬರಹಗಾರರು: ಅರ್ಜಿ, ಪ್ರಮಾಣಪತ್ರ ಬರೆದುಕೊಡುತ್ತಾರೆ. ಕಾನೂನು ಸಲಹೆಗೆ ಇವರಲ್ಲ, ವಕೀಲರು.

ಏಜೆಂಟ್: ಓಡಾಟಕ್ಕೆ ಮಾತ್ರ. ಇವನು ಮೇಲಿನ ಯಾರ ಕೆಲಸವನ್ನೂ ಮಾಡಲಾರ.

ಒಂದು ಉದಾಹರಣೆ

ನನ್ನ ತಂಗಿಯ ಮಗನಿಗೆ ರಸ್ತೆ ಪಕ್ಕದ ಶೇಂಗಾ ಹೊಲದಲ್ಲಿ ಮನೆ ಕಟ್ಟುವ ಆಸೆ. ಬ್ಯಾಂಕ್ ಸಾಲ ಬೇಕಿತ್ತು. ಒಬ್ಬ ಏಜೆಂಟ್ 'ಎಲ್ಲಾ ನಾನೇ ಮಾಡಿಸ್ತೀನಿ, ಮೂಲ ಪತ್ರ ಕೊಟ್ಟು ಖಾಲಿ ಹಾಳೆಗೆ ಎರಡು ಸಹಿ ಹಾಕು' ಎಂದನಂತೆ. ಹುಡುಗ ನನ್ನ ಹತ್ತಿರ ಬಂದು 'ಮಾವ, ಏನ್ಮಾಡ್ಲಿ' ಅಂದ. 'ಮೊದಲು ಪಹಣಿ ತಗೊಂಡು ಬಾರಪ್ಪ' ಎಂದೆ.

ಪಹಣಿಯ 9ನೇ ಕಾಲಂ ನೋಡಿದರೆ ಆರು ಜನರ ಹೆಸರು ಜಂಟಿಯಾಗಿತ್ತು. ಅದರಲ್ಲಿ ಇಬ್ಬರು ತೀರಿಹೋಗಿದ್ದರು, ಪೌತಿ ಖಾತೆ ಆಗಿರಲಿಲ್ಲ. 11ನೇ ಕಾಲಂನಲ್ಲಿ ಹಳೆಯ ಸಹಕಾರ ಸಂಘದ ಸಾಲ. ತೀರಿಸಿದ್ದರೂ ತೆಗೆಸಿರಲಿಲ್ಲ. 3ನೇ ಕಾಲಂನಲ್ಲಿ ಬಿ ಖರಾಬು ಇತ್ತು. ಅದು ಸಾರ್ವಜನಿಕ ಉಪಯೋಗದ್ದು, ಹಳ್ಳವೋ ದಾರಿಯೋ ಇರುತ್ತದೆ, ಅದರ ಮೇಲೆ ಮನೆ ಕೂರಿಸುವಂತಿಲ್ಲ. ಇಷ್ಟಿರುವಾಗ ಯಾವ ಏಜೆಂಟ್ ಏನು ಮಾಡಿಸಿಯಾನು?

ವಕೀಲರ ಸಲಹೆಯಂತೆ ಮೊದಲು ಪೌತಿ ಖಾತೆ, ಆಮೇಲೆ 11ಇ ನಕ್ಷೆ, ನೋಂದಾಯಿತ ಪಾಲುಪತ್ರ, ಅವನ ಹೆಸರಿಗೆ ಮ್ಯುಟೇಶನ್. ಕನ್ವರ್ಷನ್ ಅರ್ಜಿ ಹಾಕಿದ್ದು ಇದೆಲ್ಲ ಆದ ಮೇಲೆ. ಮನೆ ಒಂದು ಬೇಸಿಗೆ ತಡವಾಯಿತು. ಆದರೆ ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿದ್ದ ಪಾಲು ಕಾಗದಕ್ಕೆ ಬಂತು. ಮನೆಗಿಂತ ಅದೇ ದೊಡ್ಡ ಲಾಭ ಎಂದು ನನ್ನ ತಂಗಿ ಈಗಲೂ ಹೇಳುತ್ತಾಳೆ.

ನೆರವು ಪಡೆಯುವಾಗ ನೆನಪಿಡಿ

* ಮೂಲ ಪತ್ರ ಯಾರಿಗೂ ಬಿಟ್ಟು ಬರಬೇಡಿ. ಜೆರಾಕ್ಸ್ ಕೊಡಿ, ಮೂಲ ತೋರಿಸಿ ವಾಪಸು ತನ್ನಿ.
* ಖಾಲಿ ಕಾಗದಕ್ಕೆ ಸಹಿ ಬೇಡ. ಓಡಾಡುವವನಿಗೆ ಜಿಪಿಎ ಬರೆದುಕೊಡುವುದಂತೂ ಬೇಡವೇ ಬೇಡ.
* ಕನ್ವರ್ಷನ್ ಅರ್ಜಿ ಈಗ ಆನ್‌ಲೈನಿನಲ್ಲಿ, ಪ್ರಮಾಣಪತ್ರದ ಜೊತೆ. ಅದರಲ್ಲಿ ಬರೆದದ್ದು ಸುಳ್ಳಾದರೆ ಉತ್ತರ ಕೊಡಬೇಕಾದವರು ಸಹಿ ಹಾಕಿದ ನೀವು. ಓದಲು ಬಾರದಿದ್ದರೆ ಮಕ್ಕಳಿಂದ ಪೂರ್ತಿ ಓದಿಸಿ ಕೇಳಿ.
* ಸರ್ಕಾರಕ್ಕೆ ಕಟ್ಟುವ ಶುಲ್ಕ ಬೇರೆ, ಅವರ ಕೂಲಿ ಬೇರೆ. ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಚಲನ್ ನಿಮ್ಮ ಕೈಗೆ ಬರಲಿ.
* ಕೂಲಿಯನ್ನು ಒಂದೇ ಸಲ ಕೊಡಬೇಡಿ. ಒಂದೊಂದು ಮೆಟ್ಟಿಲು ಮುಗಿದಂತೆ ಕೊಡಿ.
* ಅರ್ಜಿಯ ಸ್ವೀಕೃತಿ ಸಂಖ್ಯೆ ಇಸಿದುಕೊಳ್ಳಿ. 2011ರ ಸಕಾಲ ಕಾಯ್ದೆಗೆ ಸೇರಿದ ಸೇವೆಯಾದರೆ ಗಡುವು ಉಂಟು. ತಡವಾದರೆ ಕೇಳುವ ಹಕ್ಕು ನಿಮ್ಮದು.

ಇಷ್ಟು ಮಾಡಲು ಹೆಚ್ಚು ಓದಿರಬೇಕಿಲ್ಲ. ಬಿತ್ತುವ ಮುಂಚೆ ಬೀಜ ಅಂಗೈಯಲ್ಲಿಟ್ಟು ನೋಡುತ್ತೇವಲ್ಲ, ಹಾಗೆ ಮೊದಲು ನಿಮ್ಮ ಪಹಣಿಯನ್ನು ನೋಡಿ. ಮನೆ ಕಟ್ಟುವ ಯೋಚನೆ ಸದ್ಯ ಇಲ್ಲದವರೂ ನೋಡಿ. ಸತ್ತವರ ಹೆಸರು, ತೀರಿದ ಸಾಲ ಅದರಲ್ಲಿ ಉಳಿದಿದ್ದರೆ ಈಗಲೇ ತೆಗೆಸುವುದು ಸುಲಭ. ಹಿರಿಯರಿಲ್ಲದ ಕಾಲಕ್ಕೆ ಮಕ್ಕಳ ಪಾಲಿಗೆ ಅದು ಬಿಡಿಸಲಾಗದ ಗಂಟಾಗುತ್ತದೆ.